ನಡುದಾರಿಯಲ್ಲಿ ಸಾಯುವವರ ಪರವಾಗಿ

ಹಿರಿಯರ ನಿಲಯಗಳ ಮಾನ್ಯ ನಿರ್ದೇಶಕರೇ,

ನಿಮ್ಮ ಇಲಾಖೆ ನಡೆಸುವ ನಿಲಯವೊಂದರ ಎರಡನೇ ಮಹಡಿಯಲ್ಲಿ ನನ್ನ ವಾಸ. ವಯಸ್ಸು ಎಪ್ಪತ್ತೊಂಬತ್ತು. ನನ್ನ ದೂರು ಒಂದೇ ಸಾಲಿನದು: ಇಲ್ಲಿ ಯಾರನ್ನೂ ಸಾಯಲು ಬಿಡುತ್ತಿಲ್ಲ. ಇದನ್ನು ಹೊಗಳಿಕೆ ಎಂದುಕೊಂಡು ನೀವು ಪತ್ರಕ್ಕೆ ಚೌಕಟ್ಟು ಹಾಕಿಸಲು ಕಳಿಸುವ ಮೊದಲೇ ಹೇಳಿಬಿಡುತ್ತೇನೆ, ಸಾಯುವವರು ಸಾಯುತ್ತಲೇ ಇದ್ದಾರೆ. ತಮ್ಮ ಹಾಸಿಗೆಯಲ್ಲಿ ಮಾತ್ರ ಸಾಯುತ್ತಿಲ್ಲ.

ನಮ್ಮ ಊಟದ ಹಾಲಿನ ಬಾಗಿಲ ಪಕ್ಕ ನೀವೇ ಕಳಿಸಿಕೊಟ್ಟ ಕರಿಹಲಗೆಯೊಂದಿದೆ. ‘ಅವಘಡರಹಿತ ದಿನಗಳು’ ಎಂದು ಮೇಲೆ ಬಣ್ಣದಲ್ಲಿ ಬರೆದಿದೆ. ಕೆಳಗೆ ವಾರ್ಡನ್ ಮೇಡಂ ಪ್ರತಿ ಸೋಮವಾರ ಸೀಮೆಸುಣ್ಣದಲ್ಲಿ ಅಂಕಿ ತಿದ್ದುತ್ತಾರೆ. ಈ ಸೋಮವಾರ ಅದು ಎರಡು ಸಾವಿರದ ಮುನ್ನೂರ ಹದಿನೆಂಟು. ಇಂಥ ಹಲಗೆಗಳನ್ನು ನಾನು ಕಾರ್ಖಾನೆಗಳಲ್ಲಿ ನೋಡಿದ್ದೇನೆ. ಅಲ್ಲಿ ಅವಘಡವೆಂದರೆ ಯಂತ್ರಕ್ಕೆ ಕೈ ಸಿಕ್ಕುವುದು. ಇಲ್ಲಿ ಅವಘಡವೆಂದರೆ ಎಂಬತ್ತೆಂಟು ವರ್ಷದ ಮುದುಕಿಯೊಬ್ಬಳು ಊಟ ಮುಗಿಸಿ, ಮಗ್ಗುಲಾಗಿ, ಮತ್ತೆ ಏಳದೆ ಇರುವುದು. ಅಂಥ ಸಾವು ಕೊಡು ಎಂದು ಜನ ಬದುಕಿಡೀ ಬೇಡಿಕೊಳ್ಳುತ್ತಾರೆ ಸ್ವಾಮಿ. ನಿಮ್ಮ ಕಚೇರಿಯಲ್ಲಿ ಅದು ನಿಲಯಕ್ಕೆ ಕಪ್ಪು ಚುಕ್ಕೆ, ವಾರ್ಡನ್ನರಿಗೆ ವರ್ಗಾವಣೆ.

ಆರು ವರ್ಷಕ್ಕೂ ಮೇಲೆ, ಎಂಬತ್ತರ ಆಸುಪಾಸಿನ ಅರವತ್ತು ಜನ, ಒಂದೂ ಸಾವಿಲ್ಲ. ನಿಮಗೆ ಒಮ್ಮೆಯೂ ಅನುಮಾನ ಬರಲಿಲ್ಲವೇ? ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ಎಲ್ಲ ಕಾಲದಲ್ಲೂ ಇದ್ದರು. ಎತ್ತಿಗೆ ಪ್ರಶಸ್ತಿಪತ್ರ ಕೊಟ್ಟವರನ್ನು ನಾನು ಈಗಲೇ ನೋಡುತ್ತಿರುವುದು. ಆ ಪ್ರಶಸ್ತಿಪತ್ರವೂ ಹಲಗೆಯ ಪಕ್ಕದಲ್ಲೇ ತೂಗುತ್ತಿದೆ, ನಿಮ್ಮ ಸಹಿಯೊಂದಿಗೆ.

ಈ ಪತ್ರದ ಪ್ರತಿ ಪತ್ರಿಕೆಗೂ ಹೋಗುತ್ತಿದೆ, ಹಾಗಾಗಿ ಈ ಪವಾಡ ನಡೆಯುವ ಬಗೆಯನ್ನು ಓದುಗರಿಗಾಗಿ ವಿವರಿಸುತ್ತೇನೆ, ನಿಮಗೆ ಗೊತ್ತೇ ಇದೆ. ನಿಮ್ಮ ಸುತ್ತೋಲೆಯ ಪ್ರಕಾರ ಮೂರು ಲಕ್ಷಣಗಳಲ್ಲಿ ಒಂದು ಕಂಡರೂ ಸಾಕು: ಬೆರಳಿಗೆ ಸಿಕ್ಕಿಸಿ ಆಮ್ಲಜನಕ ಅಳೆಯುವ ಕ್ಲಿಪ್ಪಿನಲ್ಲಿ ಅಂಕಿ ತೊಂಬತ್ತಕ್ಕಿಂತ ಕೆಳಗಿಳಿಯುವುದು, ಕರೆದರೆ ಓಗೊಡದಿರುವುದು, ಉಸಿರಿನಲ್ಲಿ ಏರುಪೇರು. ಕಂಡ ಇಪ್ಪತ್ತು ನಿಮಿಷದೊಳಗೆ ನಿವಾಸಿಯನ್ನು ಗೇಟು ದಾಟಿಸಿ ದೊಡ್ಡಾಸ್ಪತ್ರೆಗೆ ಕಳಿಸತಕ್ಕದ್ದು. ದೊಡ್ಡಾಸ್ಪತ್ರೆ ಇಲ್ಲಿಗೆ ನಲವತ್ತು ನಿಮಿಷ. ರೈಲ್ವೆ ಗೇಟು ಹಾಕಿದ್ದರೆ ಒಂದು ಗಂಟೆ. ಹಾಗಾಗಿ ನಮ್ಮವರು ಸಾಮಾನ್ಯವಾಗಿ ಹಿಟ್ಟಿನ ಗಿರಣಿ ಮತ್ತು ರೈಲ್ವೆ ಗೇಟಿನ ನಡುವೆ ಹೋಗಿಬಿಡುತ್ತಾರೆ. ಆಸ್ಪತ್ರೆಯ ಪುಸ್ತಕದಲ್ಲಿ ‘ತರುವಾಗಲೇ ಮೃತ’ ಎಂದು ಬರೆದುಕೊಳ್ಳುತ್ತಾರೆ. ನಿಲಯದ ಪುಸ್ತಕದಲ್ಲಿ ‘ವರ್ಗಾಯಿಸಲಾಗಿದೆ’ ಎಂದಿರುತ್ತದೆ. ಮುಪ್ಪಿನಲ್ಲಿ ಊರು ಹೋಗು ಅನ್ನುತ್ತೆ, ಕಾಡು ಬಾ ಅನ್ನುತ್ತೆ ಎಂದು ಹಿರಿಯರು ಹೇಳುತ್ತಿದ್ದರು. ಎರಡೂ ಬೇಡವೆಂದು ನಡುದಾರಿಯಲ್ಲೇ ವಿಲೇವಾರಿ ಮಾಡುವ ಉಪಾಯ ಅವರಿಗೆ ಹೊಳೆದಿರಲಿಲ್ಲ.

ಇಷ್ಟೆಲ್ಲ ನನಗೆ ಹೇಗೆ ಗೊತ್ತು ಎನ್ನುತ್ತೀರಾ? ಮೂವತ್ತೊಂದು ವರ್ಷ ನಾನು ಆ ರಸ್ತೆಯಲ್ಲಿ ಆಂಬುಲೆನ್ಸ್ ಓಡಿಸಿದ್ದೇನೆ. ಇದೇ ನಿಲಯದ ಮುದುಕರನ್ನು ಹೇರಿಕೊಂಡು ಹೋಗಿದ್ದೇನೆ. ಬದುಕಿಸಬಹುದಾದವರನ್ನು ಬದುಕಿಸುವುದಕ್ಕೆ ನನ್ನಷ್ಟು ಹಾರ್ನ್ ಹೊಡೆದವರು ಈ ಊರಲ್ಲಿ ಇನ್ನೊಬ್ಬರಿಲ್ಲ, ಆ ಬಗ್ಗೆ ನನಗೆ ಪಾಠ ಬೇಡ. ಬದುಕಬೇಕೆನ್ನುವವರನ್ನು ಓಡಿಸಿಕೊಂಡು ಹೋಗಿ. ನಾನು ಕೇಳುತ್ತಿರುವುದು ಸಾಕೆಂದವರ ವಿಷಯ.

ನಾನೂ ನನ್ನಾಕೆಯೂ ಮೂರು ವರ್ಷದ ಹಿಂದೆ ಇಲ್ಲಿಗೆ ಬಂದೆವು. ಮಕ್ಕಳು ತಂದು ತಳ್ಳಿದರೆಂಬ ಕಥೆ ನಿರೀಕ್ಷಿಸುವವರಿಗೆ ನಿರಾಸೆಯಾಗಲಿದೆ. ನಮಗೆ ಮಕ್ಕಳಿಲ್ಲ, ಮನೆ ನೋಡಿಕೊಳ್ಳಲಾಗದೆ ನಾವಾಗಿಯೇ ಬಂದದ್ದು. ಬಂದ ಹೊಸತರಲ್ಲಿ ಒಂದು ಸಂಗತಿ ನಮಗೆ ವಿಚಿತ್ರವಾಗಿ ಕಂಡಿತು. ಸೋಮವಾರ ತಪಾಸಣೆಗೆ ಮುಂಚೆ ವರಾಂಡದ ಬೆಂಚಿನ ಮೇಲೆ ಎಲ್ಲರೂ ಬಿಸಿ ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಸುಮ್ಮನೆ ಕೂತಿರುತ್ತಿದ್ದರು. ಯಾರೂ ಕುಡಿಯುತ್ತಿರಲಿಲ್ಲ. ಕೆಳಗಿನ ಮಹಡಿಯ ಲೆಕ್ಕದ ಮೇಷ್ಟ್ರು ನನಗೆ ಗುಟ್ಟು ಹೇಳಿದರು. “ಬೆರಳು ತಣ್ಣಗಿದ್ರೆ ಕ್ಲಿಪ್ಪಿನಲ್ಲಿ ಅಂಕಿ ಬೀಳುತ್ತೆ ಮಾರಾಯ್ರೆ. ಬೆಚ್ಚಗಿಟ್ಕೊಳ್ಳಿ. ಬೀಸೋ ದೊಣ್ಣೆ ತಪ್ಪಿದ್ರೆ ಸಾವಿರ ವರ್ಷ ಆಯಸ್ಸು.” ಅಂದಿನಿಂದ ನಾವೂ ಟೀ ಹಿಡಿದು ಕೂತೆವು. ಕೆನ್ನೆ ಚಿವುಟಿಕೊಂಡು ಕೆಂಪು ಮಾಡಿಕೊಳ್ಳುವುದು, ಕೆಮ್ಮನ್ನು ದಿಂಬಿಗೆ ಒತ್ತಿ ಕೆಮ್ಮುವುದು, ಎಲ್ಲ ಕಲಿತೆವು.

ಆ ಮೇಷ್ಟ್ರು ಹೋದ ವರ್ಷ ತೀರಿಕೊಂಡರು. ಮೂತ್ರ ಮಾಡುವಾಗ ಉರಿ ಎಂದು ಶುರುವಾಗಿತ್ತು. ಒಂದು ವಾರ ಮಾತ್ರೆ ನುಂಗಿದ್ದರೆ ವಾಸಿಯಾಗುತ್ತಿತ್ತು ಎಂದು ಆಮೇಲೆ ಡಾಕ್ಟರು ಹೇಳಿದರು. ಆದರೆ ಬಾಯಿ ಬಿಟ್ಟರೆ ಗಾಡಿ ಹತ್ತಿಸುತ್ತಾರೆಂಬ ಭಯದಲ್ಲಿ ಮೇಷ್ಟ್ರು ಹನ್ನೊಂದು ದಿನ ಜ್ವರವನ್ನು ಹೊದಿಕೆಯೊಳಗೆ ಬಚ್ಚಿಟ್ಟರು. ಅವರ ಲೋಟಕ್ಕೆ ಬಿಸಿ ಟೀ ತಂದುಕೊಟ್ಟವನು ನಾನೇ. ಅವರಿಗೆ ಸಾಯುವ ಆಸೆಯಿರಲಿಲ್ಲ ಸ್ವಾಮಿ. ಮೊಮ್ಮಗಳ ಪರೀಕ್ಷೆಗೆ ದಿನವೂ ಫೋನಿನಲ್ಲಿ ಲೆಕ್ಕ ಹೇಳಿಕೊಡುತ್ತಿದ್ದರು. ನಿಮ್ಮ ನಿಯಮ ಸಾಯುವವರನ್ನು ಸುಮ್ಮನೆ ಬಿಡುವುದಿಲ್ಲ, ಬದುಕಬಹುದಾದವರ ಬಾಯಿಯನ್ನೂ ಕಟ್ಟುತ್ತದೆ.

ಇನ್ನು ನನ್ನಾಕೆಯ ವಿಷಯ. ಆಕೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಸದ್ದು ಕಂಡರೆ ಆಗುತ್ತಿರಲಿಲ್ಲ. ಚಮಚ ಕೆಳಗೆ ಬಿದ್ದರೂ ನನ್ನ ಮೇಲೆ ರೇಗುತ್ತಿದ್ದಳು. ಹೃದಯ ಸೋತು ವರ್ಷವಾಗಿತ್ತು. ಇನ್ನು ಔಷಧಿಯಿಂದ ಏನೂ ಆಗದು, ಆರಾಮವಾಗಿರಲಿ ಎಂದು ಡಾಕ್ಟರೇ ಹೇಳಿದ್ದರು. ಅವತ್ತು ಅವಳು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದಳು: “ಮೂವತ್ತು ವರ್ಷ ಯಾರ್‍ಯಾರದೋ ಮಾತು ಕಿವೀಲಿ ಹಾಕ್ಕೊಂಡಿದ್ದೀನಿ ರೀ. ಕೊನೇಲಿ ನಿಮ್ಮೊಬ್ಬರ ಮಾತು ಸಾಕು. ಈ ಕಿಟಕಿ ತೆಗೆದಿರಿ. ಏನಾದ್ರೂ ತಮಾಷೆ ಹೇಳ್ತಾ ಇರಿ. ನನ್ನ ಇಲ್ಲಿಂದ ಎಬ್ಬಿಸೋಕೆ ಮಾತ್ರ ಬಿಡಬೇಡಿ.” ನಾನು ಅವಳ ತಲೆ ಮುಟ್ಟಿ ಮಾತು ಕೊಟ್ಟೆ. ಯೋಚನೆ ಮಾಡಿ ಸ್ವಾಮಿ, ಆ ಹೆಂಗಸು ಕೇಳಿದ್ದು ಇಷ್ಟೇ: ಒಂದು ಕಿಟಕಿ, ಒಬ್ಬ ಗಂಡ, ಸ್ವಲ್ಪ ಮೌನ.

ಅದೊಂದು ಶುಕ್ರವಾರ, ಬೆಳಿಗ್ಗೆ ಹನ್ನೊಂದರ ಹೊತ್ತು. ಹಿಂದಿನ ದಿನದಿಂದ ಅವಳು ಏನೂ ತಿಂದಿರಲಿಲ್ಲ. ಹತ್ತಿ ಅದ್ದಿ ತುಟಿ ಒದ್ದೆ ಮಾಡುತ್ತಿದ್ದೆ. ಸಿಸ್ಟರ್ ಬಂದು ಬಾಗಿಲಲ್ಲಿ ನಿಂತರು. ಆ ಹೆಣ್ಣುಮಗಳಿಗೆ ಒಂದು ನೋಟ ಸಾಕಾಯಿತು. ಕ್ಲಿಪ್ಪನ್ನು ಜೇಬಿಗೆ ಹಾಕಿಕೊಂಡು, “ತಾತ, ನಾನು ಇವತ್ತು ಈ ರೂಮಿಗೆ ಬಂದೇ ಇಲ್ಲ. ಕೆಳಗಡೆ ನಂಗೆ ತುಂಬಾ ಕೆಲ್ಸ ಇದೆ” ಎಂದು ಬಾಗಿಲು ಎಳೆದುಕೊಂಡು ಹೋದರು. ಅವರನ್ನು ಹುಡುಕುವ ಶ್ರಮ ಬೇಡ, ಕೆಲಸ ಬಿಟ್ಟು ಬಹಳ ದೂರ ಹೋಗಿದ್ದಾರೆ.

ಎಲ್ಲವೂ ನಾವಿಬ್ಬರೂ ಅಂದುಕೊಂಡ ಹಾಗೇ ನಡೆಯುತ್ತಿತ್ತು. ಕಿಟಕಿಯಿಂದ ಬಿಸಿಲು ಅವಳ ಪಾದದ ಮೇಲೆ ಬಿದ್ದಿತ್ತು. ನಾನು ನಮ್ಮ ಮದುವೆಯ ದಿನ ಗಾಡಿ ಕೆಟ್ಟು ನಿಂತ ಕಥೆ ಹೇಳುತ್ತಿದ್ದೆ, ಅವಳು ಕಣ್ಣು ಮುಚ್ಚಿಕೊಂಡೇ ತುಟಿ ಅಂಚಿನಲ್ಲಿ ನಗುತ್ತಿದ್ದಳು. ಆಗ ಉಸಿರು ಬದಲಾಯಿತು. ಎರಡು ಸಲ ಆಳವಾಗಿ ಎಳೆದುಕೊಂಡು, ಆಮೇಲೆ ದೀರ್ಘವಾಗಿ ನಿಂತುಬಿಟ್ಟಿತು. ಆ ನಿಲುಗಡೆ ನನಗೆ ಚಿರಪರಿಚಿತ. ಗಾಡಿಯ ಹಿಂಬದಿಯಿಂದ ಅದು ಕೇಳಿಸಿತೆಂದರೆ ಕೈ ತಾನಾಗಿ ಆಸ್ಪತ್ರೆಗೆ ಸೂಚನೆ ಕೊಡುವ ಗುಂಡಿಗೆ ಹೋಗಬೇಕು. ಮೊದಲು ಒತ್ತು, ಆಮೇಲೆ ಯೋಚಿಸು. ಹೊಸಬರಿಗೆಲ್ಲ ನಾನೇ ಹೇಳಿಕೊಟ್ಟ ಪಾಠವದು. ಅವಳ ಹಾಸಿಗೆಯ ತಲೆದೆಸೆಯ ಗೋಡೆಯಲ್ಲಿ ಕೆಂಪು ಗುಂಡಿಯಿತ್ತು.

ಒತ್ತಿದೆ. ನಾನೇ ಒತ್ತಿದೆ. ಬೇರೆ ಯಾರೂ ಅಲ್ಲ.

ಕೆಳಗೆ ಗಂಟೆ ಹೊಡೆದ ಮೇಲೇ ನನ್ನ ಕೈ ಏನು ಮಾಡಿತೆಂದು ನನಗೆ ತಿಳಿದದ್ದು. ಒಮ್ಮೆ ಹೊಡೆದರೆ ಅದು ನಿಮ್ಮ ಯಂತ್ರದಲ್ಲಿ ದಾಖಲಾಗುತ್ತದೆ, ವಾರ್ಡನ್ನರಿಗೂ ಅಳಿಸಲು ಬರುವುದಿಲ್ಲ. ವಾರ್ಡನ್ ಮೇಡಂ ಮೇಲೆ ಓಡಿ ಬಂದಾಗ ನಾನು ಬಾಗಿಲಿಗೆ ಅಡ್ಡ ನಿಂತೆ. “ತಪ್ಪಿ ಒತ್ತಿಬಿಟ್ಟೆ ಮೇಡಂ, ಅವಳು ಚೆನ್ನಾಗಿದ್ದಾಳೆ” ಎಂದೆ. ಅವರು ನನ್ನ ಭುಜದ ಮೇಲಿಂದ ಇಣುಕಿ ನೋಡಿದರು. “ನಂಗೆ ಗೊತ್ತಾಗಲ್ವಾ ತಾತ? ಆದ್ರೆ ಏನ್ ಮಾಡ್ಲಿ ಹೇಳಿ” ಎಂದು ಕಣ್ಣೊರೆಸಿಕೊಂಡೇ ಸ್ಟ್ರೆಚರಿನವರಿಗೆ ಕೈ ಮಾಡಿದರು. ಎತ್ತುವಾಗ ನನ್ನಾಕೆ ಕಣ್ಣು ಬಿಟ್ಟಳು. ನನ್ನನ್ನು ನೋಡಿ, “ನೀವೇನಾ?” ಎಂದಳು. ಅಷ್ಟೇ. ಆಮೇಲೆ ಅವಳು ಮಾತಾಡಲಿಲ್ಲ.

ಗಾಡಿ ಓಡಿಸುತ್ತಿದ್ದವನು ನನ್ನ ಕೈಕೆಳಗೇ ಕಲಿತವನು. ಹಿಟ್ಟಿನ ಗಿರಣಿ ದಾಟುವಾಗ ನಾನು ಹಿಂದಿನಿಂದ ಕೂಗಿದೆ, “ನಿಲ್ಲಿಸಪ್ಪ. ಸೈರನ್ನಾದ್ರೂ ಆಫ್ ಮಾಡು. ಒಂದೈದು ನಿಮಿಷ ಕಣಪ್ಪ.” ಅವನು ತಿರುಗಿ ನೋಡಲಿಲ್ಲ. “ಎಲ್ಲ ಆಫೀಸಿಗೆ ಗೊತ್ತಾಗುತ್ತೆ ಅಣ್ಣ, ನಿಂತ್ರೂ ಗೊತ್ತಾಗುತ್ತೆ, ಆಫ್ ಮಾಡಿದ್ರೂ ಗೊತ್ತಾಗುತ್ತೆ” ಎಂದ. ಚಮಚದ ಸದ್ದಿಗೆ ಬೆಚ್ಚುತ್ತಿದ್ದವಳು ಆ ಸೈರನ್ನಿನ ಕೆಳಗೆ, ಮುಚ್ಚಿದ ರೈಲ್ವೆ ಗೇಟಿನ ಮುಂದೆ, ಉಸಿರು ಬಿಟ್ಟಳು. ಆಸ್ಪತ್ರೆಯಲ್ಲಿ ನಿಯಮದ ಪ್ರಕಾರ ಇಪ್ಪತ್ತು ನಿಮಿಷ ಎದೆ ಒತ್ತಿದರು. ಪಕ್ಕೆಲುಬು ಮುರಿಯುವ ಸದ್ದು ಪರದೆಯಾಚೆ ನಿಂತಿದ್ದ ನನಗೆ ಕೇಳಿಸಿತು. ಆ ಸದ್ದೂ ನನಗೆ ಚಿರಪರಿಚಿತವೇ. ಸೋಮವಾರ ಊಟಕ್ಕೆ ಹೋದಾಗ ಹಲಗೆಯ ಅಂಕಿ ಎಂದಿನಂತೆ ಏಳು ಹೆಚ್ಚಾಗಿತ್ತು.

ನಾನು ನನ್ನನ್ನು ಕ್ಷಮಿಸಿಕೊಂಡಿಲ್ಲ, ನಿಮ್ಮ ಮೇಲೆ ಹಾಕಿ ಕೈ ತೊಳೆದುಕೊಳ್ಳುವ ಉದ್ದೇಶವೂ ನನಗಿಲ್ಲ. ಒತ್ತಿದ್ದು ನನ್ನ ಕೈ. ಆದರೆ ಒಬ್ಬ ಮುದುಕ ಗಾಬರಿಯಲ್ಲಿ ಒತ್ತಿದ್ದನ್ನು, ಆತ ‘ಬೇಡ’ ಎಂದು ಗೋಗರೆದರೂ ಹಿಂದಕ್ಕೆ ಪಡೆಯಲಾಗದ ಹಾಗೆ ಮಾಡಿಟ್ಟವರು ಯಾರು? ಕಣ್ಣೀರು ಒರೆಸಿಕೊಳ್ಳುತ್ತಲೇ ಸ್ಟ್ರೆಚರಿಗೆ ಕೈ ಮಾಡುವಂಥ ಸ್ಥಿತಿಗೆ ಒಬ್ಬ ಒಳ್ಳೆಯ ಹೆಂಗಸನ್ನು ತಂದವರು ಯಾರು? ಈ ಸರಪಳಿಯಲ್ಲಿ ಕೆಟ್ಟವರು ಒಬ್ಬರೂ ಇಲ್ಲ ಎನ್ನುವುದೇ ನನ್ನ ಹೆದರಿಕೆ. ಕೆಟ್ಟವರಿದ್ದರೆ ಕಾಲು ಹಿಡಿದಾದರೂ ಕೇಳಬಹುದಿತ್ತು.

ಈಗ ನಿಮ್ಮ ಹೊಸ ಸುತ್ತೋಲೆ ಬಂದಿದೆ. ಮುಂದಿನ ಒಂದನೇ ತಾರೀಖಿನಿಂದ ಕ್ಲಿಪ್ಪು ದಿನವಿಡೀ ನಮ್ಮ ಬೆರಳಲ್ಲೇ ಇರುವುದಂತೆ, ಅಂಕಿ ಇಳಿದರೆ ಕೆಳಗೆ ತಾನಾಗಿ ಗಂಟೆ ಹೊಡೆಯುವುದಂತೆ. ಇಪ್ಪತ್ತು ನಿಮಿಷ ಹತ್ತು ನಿಮಿಷವಾಗಿದೆ. ಗಾಡಿಯನ್ನು ಈಗಾಗಲೇ ನಮ್ಮ ಅಂಗಳಕ್ಕೇ ತಂದು ನಿಲ್ಲಿಸಿದ್ದಾರೆ, ಮುಖ ಗೇಟಿನ ಕಡೆಗೆ. ಬೆಳಿಗ್ಗೆ ಕಿಟಕಿ ತೆಗೆದರೆ ಮೊದಲು ಕಾಣುವುದು ಅದರ ಬಿಳಿ ಚಾವಣಿ. ವರಾಂಡದ ಬೆಂಚಿನಲ್ಲಿ ಈಗ ಯಾರೂ ಒಬ್ಬರನ್ನೊಬ್ಬರು ಹೇಗಿದ್ದೀರಿ ಎಂದು ಕೇಳುವುದಿಲ್ಲ.

ಆದ್ದರಿಂದ ನನ್ನ ಬೇಡಿಕೆ. ಆ ಒಂದನೇ ತಾರೀಖಿಗೆ ಮುಂಚೆ ನಿಮ್ಮ ಕಚೇರಿಯಿಂದ ಒಂದು ಆದೇಶ ಹೊರಡಲಿ: ‘ನನ್ನನ್ನು ಇಲ್ಲಿಂದ ಎಬ್ಬಿಸಬೇಡಿ’ ಎಂದು ಬುದ್ಧಿ ನೆಟ್ಟಗಿರುವಾಗ ಸಹಿ ಹಾಕಿ ಕೊಟ್ಟವರನ್ನು, ಗಂಟೆ ಎಷ್ಟೇ ಹೊಡೆದರೂ, ಯಾರೇ ಒತ್ತಿದರೂ, ಅವರ ಹಾಸಿಗೆಯಲ್ಲೇ ಬಿಡತಕ್ಕದ್ದು. ನೋವು ಇಳಿಸುವ ಔಷಧಿಯ ಬೀರುವಿನ ಕೀಲಿ ಸಿಸ್ಟರ್ ಕೈಯಲ್ಲಿರಲಿ, ನಿಮ್ಮ ಕಚೇರಿಯಲ್ಲಿ ಅದಕ್ಕೇನು ಕೆಲಸ? ಆ ಹಲಗೆಯನ್ನು ಕಾರ್ಖಾನೆಗೆ ವಾಪಸ್ ಕಳಿಸಿ. ನನ್ನ ಸಹಿ ಹಾಕಿದ ಕಾಗದ ಈ ಪತ್ರದ ಜೊತೆಗಿದೆ.

ಸ್ವಲ್ಪ ಬೇಗ ಮಾಡಿ ಎನ್ನಲು ಕಾರಣವಿದೆ. ನನ್ನಾಕೆಯ ಹಾಸಿಗೆಗೆ ನಾಲ್ಕನೇ ದಿನವೇ ಹೊಸಬರೊಬ್ಬರು ಬಂದರು. ನಿವೃತ್ತ ಪೋಸ್ಟ್‌ಮಾಸ್ಟರು, ಮಾತುಗಾರರು, ಸಹೃದಯಿ. ಹಣ್ಣು ಸುಲಿದರೆ ಅರ್ಧ ನನಗೆ ಕೊಡದೆ ತಿನ್ನುವವರಲ್ಲ. ಮೊನ್ನೆ ಮಧ್ಯಾಹ್ನ ನಾನು ಕಾಲುಚೀಲ ಬಿಚ್ಚುವಾಗ ನನ್ನ ಪಾದ ಅವರ ಕಣ್ಣಿಗೆ ಬಿತ್ತು. ಮೂರು ವಾರದಿಂದ ಊದಿಕೊಂಡಿದೆ. ಬೆರಳಿಟ್ಟು ಒತ್ತಿದರೆ ಗುಳಿ ಹಾಗೇ ನಿಲ್ಲುತ್ತದೆ. ನನ್ನಾಕೆಗೂ ಹೀಗೇ ಶುರುವಾಗಿತ್ತು. ನಾನು ಅವರನ್ನು ಕೂರಿಸಿಕೊಂಡು ನಿಮಗೆ ಬರೆದದ್ದನ್ನೆಲ್ಲ ಹೇಳಿದೆ. ಏನಾದರೂ ಆದರೆ ಸುಮ್ಮನಿರಿ ಎಂದು ಕೈ ಮುಗಿದೆ. ಅವರು ನನ್ನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು.

“ಛೆ ಛೆ, ಹಾಗೆಲ್ಲ ಮಾತಾಡಬಾರ್ದು ಯಜಮಾನ್ರೇ. ಹೆಂಡತಿ ಹೋದ ದುಃಖ, ಅದಕ್ಕೆ ಹೀಗನ್ನಿಸುತ್ತೆ ನಿಮಗೆ. ಏನೂ ಹೆದರ್ಕೋಬೇಡಿ. ನಂಗೆ ನಿದ್ದೆ ಬಹಳ ಕಮ್ಮಿ. ಒಂಚೂರು ಹೆಚ್ಚುಕಮ್ಮಿ ಆದ್ರೂ ನಾನಿದ್ದೀನಲ್ಲ, ತಕ್ಷಣ ಒತ್ತಿಬಿಡ್ತೀನಿ.”

ಅವರು ಒಳ್ಳೆಯ ಮನುಷ್ಯ ಸ್ವಾಮಿ. ನಾನೂ ಒಳ್ಳೆಯವನೇ ಆಗಿದ್ದೆ.

ಇಂತಿ,
ಬರೆಯುವ ಹೊತ್ತಿಗೆ ಜೀವಂತವಿದ್ದ
ಒಬ್ಬ ನಿವೃತ್ತ ಆಂಬುಲೆನ್ಸ್ ಚಾಲಕ