ಅಪ್ಪ ನನಗೆ ‘ನೀವು’ ಎಂದ ದಿನದಿಂದ

ಎನ್‌ಸ್ಖೆಡೆ, ನವೆಂಬರ್ ೧೯೧೩

ಅಪ್ಪನವರಿಗೆ,

ಒಂದೇ ಮನೆಯಲ್ಲಿದ್ದುಕೊಂಡು ಪತ್ರ ಬರೆಯುತ್ತಿದ್ದೇನೆ. ಮಾತಾಡಿಸಿದರೆ ನೀವು ಗೋಡೆ ನೋಡುತ್ತೀರಿ.

ಗಿರಣಿಯ ಧಣಿ ನಿಮ್ಮ ನರೆತ ತಲೆ ನೋಡಿಯೂ “ಏ ಎಗ್ಬರ್ಟ್, ಬಾರೋ ಇಲ್ಲಿ, ನಿದ್ದೆ ಹೊಡೀತಿದ್ದೀಯೇನೋ?” ಎಂದದ್ದನ್ನು ನನಗೆ ಸಹಿಸಲಾಗಲಿಲ್ಲ. ಎಲ್ಲ ಮನುಷ್ಯರೂ ಸಮಾನರೆಂದು ಕರಪತ್ರಗಳಲ್ಲಿ ಓದಿದ್ದವಳು ಮಗ್ಗಗಳ ನಡುವೆ ನಿಂತು ಕೂಗಿದೆ: “ನಮ್ಮಪ್ಪನಿಗೆ ನೀನು ‘ನೀವು’ ಅನ್ನೋ ತನಕ ನಾನೂ ನಿನಗೆ ‘ನೀನು’ ಅಂತಲೇ ಅಂತೀನಿ!” ನೇಯುವ ಹೆಂಗಸರು ನಕ್ಕರು. ಸಂಜೆಯೊಳಗೆ ನಮ್ಮಿಬ್ಬರ ಕೆಲಸವೂ ಹೋಯಿತು.

ಅಂದಿನಿಂದ ನೀವು ನನಗೆ ‘ನೀವು’ ಎನ್ನುತ್ತಿದ್ದೀರಿ. “ನಿಮಗೆ ಆಲೂಗಡ್ಡೆ ಬೇಕಾ?” “ನೀವು ದೀಪ ಆರಿಸಿ ಮಲಗಿ.” ಮನೆಗೆ ಬಂದ ಪೊಲೀಸನಿಗೆ ಹೇಳುವ ಹಾಗೆ. ನಿನ್ನೆ ಅಮ್ಮ ಗದರಿದಳು, “ರೀ, ಅವಳು ನಿಮ್ಮ ಮಗಳು ಕಣ್ರೀ!” ನೀವು, “ದೊಡ್ಡ ಮನುಷ್ಯರು ಅವರು, ಮರ್ಯಾದೆ ಕೊಡ್ಬೇಕಲ್ವಾ?” ಎಂದಿರಿ.

ಗಿರಣಿಯವರು ಕೊಟ್ಟ ಈ ಮನೆಯನ್ನು ಶನಿವಾರ ಬಿಡಬೇಕು. ಈ ಕೆಮ್ಮಿನಲ್ಲಿ ಅಮ್ಮ ಚಳಿಗಾಲವನ್ನು ಬೀದಿಯಲ್ಲಿ ಕಳೆಯಲಾರಳು. ನಾನು ಕ್ಷಮೆ ಕೇಳಿದರೆ ನಿಮ್ಮನ್ನು ಮತ್ತೆ ಸೇರಿಸಿಕೊಳ್ಳುತ್ತಾರಂತೆ. ನಾನು ಓದಿದ್ದು ಸುಳ್ಳೆಂದು ಈಗಲೂ ಒಪ್ಪುವುದಿಲ್ಲ. ಆದರೂ ನಾಳೆ ಬೆಳಿಗ್ಗೆ ಧಣಿಯ ಮುಂದೆ ನಿಂತು ‘ತಾವು’ ಎನ್ನುತ್ತೇನೆ, ತಲೆ ತಗ್ಗಿಸಿಯೇ ಎನ್ನುತ್ತೇನೆ.

ನಿಮ್ಮ ಕೋಟನ್ನು ಒಲೆಯ ಬಳಿ ಒಣಹಾಕಿದ್ದೇನೆ. ಕೆಲಸಕ್ಕೆ ಬೇಕಾಗುತ್ತದೆ.

ನಾನು ವಾಪಸ್ ಬಂದಾಗ ಬಾಗಿಲಲ್ಲೇ ನಿಲ್ಲಿಸಿ ಬೈಯಿರಿ, ಅಪ್ಪ. “ಎಲ್ಲಿ ಹಾಳಾಗಿ ಹೋಗಿದ್ಯೇ, ಕತ್ತೆ?” ಎನ್ನಿ. ಬೇಕಾದರೆ ಹೊಡೆಯಿರಿ. ಒಂದು ಸಲ ‘ನೀನು’ ಎನ್ನಿ, ಸಾಕು.

ಇನ್ನೂ ನಿಮ್ಮ ಮಗಳೇ ಆಗಿರುವ,
ಗೆಜೀನಾ