ಬಾವಿ ಕಡೆಯಿಂದ ಅಳೆದ ಹಗ್ಗ

ಉಡುತಡಿ
೧೨-೧೧-೨೦೨೪, ಮಂಗಳವಾರ

ಮಗಳು ರೋಜಾಳಿಗೆ ಅವ್ವನ ಆಶೀರ್ವಾದ. ಇಲ್ಲಿ ನಾನು, ನಿಮ್ಮಪ್ಪ, ನಿನ್ನ ತಮ್ಮ ಪರಶುರಾಮ, ಕುರಿ ಎಲ್ಲ ಕ್ಷೇಮ. ಕ್ಷೇಮದ ಮಾತು ಮುಗಿಯಿತು. ಇನ್ನು ಬೈಗುಳ, ಕೂತು ಓದು.

ಫೋನಿನಲ್ಲಿ ಬೈದರೆ "ಆಯ್ತ್ ಬಿಡವ್ವ, ಇಡ್ತೀನಿ" ಅಂತ ಕಟ್ ಮಾಡುತ್ತೀಯ. ಕಾಗದಕ್ಕೆ ಆ ಆಟ ನಡೆಯುವುದಿಲ್ಲ. ಅದಕ್ಕೇ ಏಳನೇ ಕ್ಲಾಸಿನವರೆಗೆ ಕಲಿತ ಅಕ್ಷರದಲ್ಲೇ ಬರೆಯುತ್ತಿದ್ದೇನೆ.

ಭಾನುವಾರ ನೀನು ಕಳಿಸಿದ ಫೋಟೊ ಬಂತು. ಕಾರವಾರದ ಸಮುದ್ರ, ನೀನು ಕೆಲಸಕ್ಕಿರುವ ಹಾಯಿದೋಣಿ, ಸೊಂಟಕ್ಕೆ ಬೆಲ್ಟು ಬಿಗಿದು ನಗುತ್ತ ನಿಂತ ನೀನು. "ನಮ್ಮಕ್ಕ ಹೀರೋಯಿನ್ ಆಗ್ಯಾಳ" ಅಂತ ಪರಶುರಾಮ ಊರಿಗೆಲ್ಲ ತೋರಿಸಿ ಬಂದ. ನಾನು ನಿನ್ನ ನಗು ನೋಡಲಿಲ್ಲ. ಬೆಲ್ಟಿನ ಹಗ್ಗ ಎಲ್ಲಿಗೆ ಹೋಗಿದೆ ಅಂತ ನೋಡಿದೆ. ದೋಣಿಯ ಅಂಚಿನ ಉದ್ದಕ್ಕೂ ಒಂದು ಸ್ಟೀಲ್ ತಂತಿ ಎಳೆದಿದ್ದಾರೆ, ನಿನ್ನ ಹಗ್ಗ ಅದಕ್ಕೆ ಸಿಕ್ಕಿಸಿದೆ. ಆ ತಂತಿಯನ್ನು ಬಿಗಿದಿರುವುದೋ ಅಂಚಿನ ಸಣಕಲು ಕಂಬಿಗೆ! ನನಗೆ ಮೈಯೆಲ್ಲ ಉರಿದುಹೋಯಿತು.

ಅಲ್ಲ ಕಣೇ, ಅದನ್ನು ಕಟ್ಟಿಸಿದವನು ಜನ್ಮದಲ್ಲಿ ಒಂದು ಮೇಕೆ ಕಟ್ಟಿದ್ದಾನೆಯೇ? ಬಾವಿ ಹತ್ತಿರ ದನ ಕಟ್ಟುವಾಗ ನಾವು ಗೂಟದಿಂದ ಹಗ್ಗ ಅಳೆಯುತ್ತೇವೇನು? ಬಾವಿ ಕಡೆಯಿಂದ ಅಳೆಯುತ್ತೇವೆ. ಅಂಚಿನಿಂದ ಎರಡು ಮಾರು ಬಿಟ್ಟು ನಿಂತು, ಅಲ್ಲಿಂದ ಹಿಂದಕ್ಕೆ ಹಗ್ಗ ಚಾಚಿಕೊಂಡು ಹೋಗಿ ಗೂಟ ಹೊಡೆಯುತ್ತೇವೆ. ಎಷ್ಟು ಜಗ್ಗಿದರೂ ದನ ಅಂಚು ಮುಟ್ಟಬಾರದು. ದೋಣಿ ಮಾಲೀಕ ಆ ನಿಮ್ಮ ಸಾಹೇಬ ಗೂಟವನ್ನೇ ಬಾವಿ ಕಟ್ಟೆಯ ಮೇಲೆ ಹೊಡೆದಿದ್ದಾನೆ. ನೀರಿಗೆ ಬಿದ್ದ ಮೇಲೆ ಹಿಡಿದುಕೊಳ್ಳುವ ಹಗ್ಗ ಯಾವ ಸಂಪತ್ತಿಗೆ?

ಫೋನು ಮಾಡಿದಾಗ ನೀನೇ ಎಲ್ಲ ಬಿಡಿಸಿ ಹೇಳಿದೆ. ದುಂಡನೆಯ ತಂತಿ ಕಾಲಡಿ ಉರುಳಿ ಜಾರಿಸುತ್ತದೆಯಂತೆ. ಲಾರಿಗೆ ಸಾಮಾನು ಬಿಗಿಯುವಂಥ ಚಪ್ಪಟೆ ಪಟ್ಟಿ ಉರುಳುವುದಿಲ್ಲವಂತೆ. ಅದನ್ನು ದೋಣಿಯ ನಡುಮಧ್ಯೆ ಹಿಂದಿನಿಂದ ಮುಂದಿನವರೆಗೆ ಎಳೆದು, ಕಂಬಿಗಲ್ಲ, ದೋಣಿಯ ಮೈಗೇ ಬೋಲ್ಟು ಹಾಕಿದ ಕೊಂಡಿಗೆ ಕಟ್ಟಬೇಕಂತೆ. ಬೆಲ್ಟಿನ ಹಗ್ಗ ಗಿಡ್ಡ ಇರಬೇಕಂತೆ. ಇಷ್ಟೆಲ್ಲ ಗೊತ್ತಿದ್ದೂ ಬಾಯಿಗೆ ಬೀಗ ಹಾಕಿಕೊಂಡು ನಿಂತೆಯಲ್ಲ! ಪ್ರವಾಸಿಗರ ಫೋಟೊದಲ್ಲಿ ಸ್ಟೀಲು ಹೊಳೆಯುತ್ತದೆ, ಪಟ್ಟಿ ಚೆಂದ ಕಾಣುವುದಿಲ್ಲ ಅಂತ ಸಾಹೇಬರು ಹೇಳಿದರಂತೆ. ಚೆಂದವಂತೆ ಚೆಂದ. ಇದೇ ಇಪ್ಪತ್ತೆರಡಕ್ಕೆ ಕೊಚ್ಚಿಗೆ ಹೊರಟ ಮೇಲೆ, ಗಾಳಿ ಎದ್ದಾಗ ಹಾಯಿ ಇಳಿಸಲು ಮುಂದಕ್ಕೆ ಹೋಗುವವರು ಯಾರು? ಸಾಹೇಬರಲ್ಲ, ನೀನು.

ಅದನ್ನಾದರೂ ನುಂಗಿಕೊಳ್ಳುತ್ತಿದ್ದೆನೇನೋ. ನೀನು ಕೊನೆಗೆ ಆಡಿದ ಮಾತು ಗಂಟಲಲ್ಲೇ ನಿಂತಿದೆ. "ಹಗ್ಗದ ವಿಷ್ಯದಾಗ ನಾನೇನ್ ಬಾಯಿ ಬಿಡ್ಲಿ ಅವ್ವ? ನಾನ್ ಕಟ್ಟಿದ್ ಹಗ್ಗ ಏನ್ ಮಾಡ್ತು ಅಂತ ನಿಂಗೇ ಗೊತ್ತಲ್ಲ" ಅಂದೆ. ನಮ್ಮ ಬೆಳ್ಳಿಯ ವಿಷಯ. ಆ ಕಡಸು ಬಾವಿಗೆ ಜಾರಿ, ಕೊರಳ ಹಗ್ಗದಲ್ಲೇ ನೇತಾಡಿ ಸತ್ತು ಹದಿನಾಲ್ಕು ವರ್ಷವಾಯಿತು. ಬೆಳಿಗ್ಗೆ ಅದನ್ನು ಕಟ್ಟಿ ಶಾಲೆಗೆ ಹೋದವಳು ನೀನು, ಹತ್ತು ವರ್ಷದವಳು. ಸಂಜೆ ನಿಮ್ಮಪ್ಪ ಹೊಡೆದರು. "ಎರಡ್ ಮಾರು ಬಿಟ್ಟೇ ಕಟ್ಟಿದ್ದೆ" ಅಂತ ನೀನು ಬಿಕ್ಕಿ ಬಿಕ್ಕಿ ಅತ್ತೆ. ಯಾರೂ ನಂಬಲಿಲ್ಲ. ಅವತ್ತಿನಿಂದ ಹುಲ್ಲಿನ ಹೊರೆ ಕಟ್ಟಿದರೂ ಮೂರು ಸಲ ಜಗ್ಗಿ ನೋಡುತ್ತೀಯ. ಯಾರಾದರೂ ಸರಿಯಿಲ್ಲ ಅಂದರೆ ಎದುರಾಡದೆ ಬಿಚ್ಚಿಬಿಡುತ್ತೀಯ. ಅದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಪರಶುರಾಮ ನಾಳೆ ಶಿಕಾರಿಪುರಕ್ಕೆ ಹೋಗಿ ಇದನ್ನು ಸ್ಪೀಡ್ ಪೋಸ್ಟ್ ಮಾಡುತ್ತಾನೆ. ಕೈಗೆ ಸಿಕ್ಕ ದಿನವೇ ಸಾಹೇಬರ ಎದುರು ನಿಂತು ಮಾತಾಡು. ಆ ತಂತಿ ಬಿಚ್ಚಿಸು. ಪಟ್ಟಿಯನ್ನು ನೀನೇ ಆರಿಸು, ನಡುವೆ ನೀನೇ ಕಟ್ಟು. ಒಪ್ಪದಿದ್ದರೆ ಆ ದೋಣಿ ಹತ್ತಬೇಡ, ಬಸ್ಸು ಹತ್ತು. ಕೆಲಸ ಇನ್ನೊಂದು ಸಿಗುತ್ತದೆ. ನನಗೆ ಇನ್ನೊಬ್ಬ ರೋಜಾ ಇಲ್ಲ.

ಇತಿ ನಿನ್ನ ಅವ್ವ,
ಗುತ್ಯಮ್ಮ

ಇನ್ನೊಂದು ಮಾತು. ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ನೀನು ಬೆಳ್ಳಿಯನ್ನು ಸರಿಯಾಗಿಯೇ ಕಟ್ಟಿದ್ದೆ. ನೀನು ಶಾಲೆಗೆ ಹೋದ ಮೇಲೆ, ಬಾವಿ ಕಟ್ಟೆ ಪಕ್ಕದ ಹಸಿ ಹುಲ್ಲು ಬಾಯಿಗೆ ಎಟುಕಲಿ ಅಂತ ಗೂಟದಿಂದ ಬಿಚ್ಚಿ ಮೂರು ಮಾರು ಹಗ್ಗ ಉದ್ದ ಬಿಟ್ಟವಳು ನಾನು. ನಿಮ್ಮಪ್ಪ ನಿನಗೆ ಹೊಡೆಯುವಾಗ ಒಳಗೆ ರೊಟ್ಟಿ ಬಡಿಯುತ್ತಿದ್ದೆ. ಕೈ ನಿಲ್ಲಿಸಲಿಲ್ಲ, ಬಾಯಿ ಬಿಡಲಿಲ್ಲ. ಇವತ್ತು ಮಧ್ಯಾಹ್ನ ಅವರಿಗೆ ಹೇಳಿದೆ. ಊಟದ ತಟ್ಟೆ ಬಿಟ್ಟು ಎದ್ದು ಹೋದವರು ಇನ್ನೂ ಮಾತಾಡಿಲ್ಲ. ನೀನೂ ಮಾತು ಬಿಟ್ಟರೆ ನನ್ನ ಜೊತೆ ಬಿಡು, ಸಾಹೇಬರ ಎದುರು ಬಿಡಬೇಡ. ಎರಡು ಮಾರು ಬಿಟ್ಟೇ ಕಟ್ಟಿದ್ದೆ ಅಂತ ನೀನು ಅವತ್ತು ಅತ್ತು ಹೇಳಿದ್ದು ನಿಜ. ಸಾಹೇಬರ ಮುಂದೆ ಅಳದೆ ಹೇಳು.