ಗುಂಡಿಯ ಪೋಲಕಾ

ಕೊಣ್ಣೂರ, 1934

ಹುಕ್ಕೇರಿಯ ಗೌರಕ್ಕನಿಗೆ ತಂಗಿ ನೀಲವ್ವನ ಶರಣು.

ಅಕ್ಕಾ, ನಿನ್ನೆ ಕೆಟ್ಟ ಕನಸು ಬಿತ್ತು. ನೀನು ಹೊಲಿಯುತ್ತಿರುವ ನನ್ನ ಪೋಲಕಾದ ಗುಂಡಿಗಳೆಲ್ಲ ಬೆನ್ನಿಗೆ ಬಂದಿದ್ದವು. ಕೂಸು ಹಾಲಿಗೆ ಅಳುತ್ತಿತ್ತು. ಕೈ ನಿಲುಕದೆ, ಬಿಚ್ಚಿಕೊಡುವವರನ್ನು ಹುಡುಕುತ್ತ ಸಂತೆಯೆಲ್ಲ ಓಡಾಡಿದೆ. ಗಂಟು ಕಟ್ಟುವ ಕುಪ್ಪಸವೇ ಸಾಕು, ಹೊಲಿಯಬೇಡ ಎಂದು ಬರೆಯಲು ಕೂತಿದ್ದೆ.

ಅಷ್ಟರಲ್ಲಿ ಮಾವನವರಿಗೆ ಪೋಲಕಾದ ಸುದ್ದಿ ಮುಟ್ಟಿತು. “ಹೆಣ್ಮಕ್ಕಳಿಗೆ ಗುಂಡಿ ಯಾಕಬೇಕು? ಅವನ್ನ ಬಿಚ್ಚೂದ್ರಾಗ ಕೂಸು ಸಾಲಿಗೆ ಹೋಗತೈತಿ! ನನ್ನ ಮನ್ಯಾಗ ನಡಿಯೂದಿಲ್ಲ” ಎಂದರು. ನನ್ನ ಆಸೆ ಮುಗಿಯಿತು ಎಂದುಕೊಂಡೆ.

ಅತ್ತೆ ರೊಟ್ಟಿ ಬಡಿಯುತ್ತಲೇ ಕೇಳಿದರು: “ನೀವು ಕಸಿ ಕಟ್ಟೂ ಬಾರಾಬಂದಿ ಬಿಟ್ಟು ಗುಂಡಿ ಅಂಗಿ ತೊಟ್ಟಾಗ ನಾ ಏನರ ಅಂದೆನೇನ್ರಿ?”

ಮಾವನವರು ತಮ್ಮ ಅಂಗಿಯ ಗುಂಡಿ ಮುಟ್ಟಿ ನೋಡಿಕೊಂಡು ಹೊಲಕ್ಕೆ ಹೋದರು. ಆಮೇಲೆ ಅತ್ತೆ ಏನಂದರು ಗೊತ್ತೇನಕ್ಕಾ? “ನಂದೂ ಒಂದು ಹೊಲಿಯಾಕ ಹೇಳವಾ!” ನನಗೆ ಕುಣಿಯುವಷ್ಟು ಖುಷಿಯಾಯಿತು!

ಅಳತೆಗೆ ಅವರ ಹಳೆಯ ಕುಪ್ಪಸ ಕಳಿಸಿರುವೆ. ತೋಳು ಸಡಿಲಿರಲಿ. ಸೋಮವಾರ ನಾಗನೂರಿನ ತೊಟ್ಟಿಲ ಕಾರ್ಯಕ್ಕೆ ಇಬ್ಬರೂ ತೊಟ್ಟುಕೊಂಡು ಹೋಗುತ್ತೇವೆ. ಅಷ್ಟರೊಳಗೆ ತಲುಪದಿದ್ದರೆ ಎಂದು ಈಗಲೇ ದಿಗಿಲು.

ಗುಂಡಿ ಹಿಂದೆ ಬಂದರೆ ಹಾಕುವವರು ಯಾರು ಎಂದು ಅತ್ತೆಯನ್ನು ಕೇಳಿದೆ. “ಬ್ಯಾಡ ಅಂದವರೇ ಹಾಕಲಿ ಬಿಡು” ಎಂದು ನಕ್ಕರು. ಅವರಿಗೆ ನಗು, ನನಗೆ ಜೀವ ಕೈಯಲ್ಲಿ.

ಸಾಲಿ ನಡುವೆ ಬಿಟ್ಟವಳ ಅಕ್ಷರ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೋ.

ನಿನ್ನ ತಂಗಿ,
ನೀಲವ್ವ

ಎರಡರ ಗುಂಡಿಗಳೂ ಮುಂದೆಯೇ ಇವೆಯೇ, ಕಳಿಸುವ ಮುಂಚೆ ಇನ್ನೊಮ್ಮೆ ನೋಡಕ್ಕಾ.